ಎಂಟು ಔನ್ಸ್ ಅಂಟು

ನನಗೆ ಅಳತೆ ಗೊತ್ತಿಲ್ಲ ಎಂದು ಒಬ್ಬರು ಹೇಳಿದರು. ಹೇಳಿದವರು ನಮ್ಮ ಬೀಗತಿ, ಅಂದರೆ ನನ್ನ ಮೊಮ್ಮಗಳ ಅತ್ತೆ. ನಾಲ್ಕು ಮಂದಿಯ ಮುಂದೆ ಹೇಳಿದರು, ಅದೂ ನಮ್ಮ ಮನೆಯಲ್ಲೇ, ನಮ್ಮ ಊಟ ಉಂಡು ಕೈ ತೊಳೆದುಕೊಂಡ ಮೇಲೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಉರಿಯಲಿ. ಆರಿಸಿಕೊಳ್ಳುವ ಮನಸ್ಸು ನನಗಿಲ್ಲ.

ಅಳತೆ ನನಗೆ ಹೊಸದಲ್ಲ. ನಾನು ಸಾಲಿಗೆ ಹೋದದ್ದು ಮೂರನೆಯ ಇಯತ್ತೆಯವರೆಗೆ ಮಾತ್ರ. ಅಷ್ಟರಲ್ಲೇ ಸರ್ಕಾರ ಸೇರು ತೆಗೆದು ಕಿಲೋ ತಂದಿತ್ತು. ರಾಯಚೂರು ಕಡೆಯ ನಮ್ಮ ಊರಿನಲ್ಲಿ ಮಾಸ್ತರರು ಗ್ರಾಮಿನ ಮಗ್ಗಿ ಹೇಳಿಸುತ್ತಿದ್ದರು. ಮನೆಗೆ ಬಂದರೆ ಅವ್ವ "ಒಂದು ಸೇರು ಜ್ವಾಳ ಅಳದು ಕೊಡು" ಎನ್ನುತ್ತಿದ್ದಳು. ಮದುವೆಯಾಗಿ ಹೈದರಾಬಾದಿಗೆ ಬಂದೆ. ಇಲ್ಲಿ ನನ್ನ ಅತ್ತೆ ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತಿದ್ದರು, ಎಣ್ಣೆಯನ್ನು ಕಿಲೋ ಲೆಕ್ಕದಲ್ಲಿ ತರಿಸುತ್ತಿದ್ದರು, ಬಂಗಾರದ ಮಾತು ಬಂದರೆ ತೊಲ ಎನ್ನುತ್ತಿದ್ದರು. ನಮ್ಮ ಬೀದಿಗೆ ಬರುವ ಹೂವಿನವಳು ಇವತ್ತಿಗೂ ಮೊಳದಲ್ಲೇ ಅಳೆಯುತ್ತಾಳೆ, ಅದೂ ತನ್ನ ಗಿಡ್ಡ ಕೈಯ ಮೊಳದಲ್ಲಿ. ಬೇಕರಿಯವನು ಅರ್ಧ ಕಿಲೋ ಕೇಕಿಗೆ ಒಂದು ಪೌಂಡು ಎನ್ನುತ್ತಾನೆ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ನೂರಾ ಎರಡು ಎನ್ನುತ್ತೇವೆ. ಅದೇ ಮನೆಯಲ್ಲಿ ಸೊಸೆ ಓವನ್ ಹಚ್ಚಿದರೆ ನೂರಾ ಎಂಬತ್ತು ಎನ್ನುತ್ತಾಳೆ. ಆ ಡಿಗ್ರಿ ಬೇರೆ, ಈ ಡಿಗ್ರಿ ಬೇರೆ ಎಂದು ನನಗೆ ಯಾರೂ ಕಲಿಸಲಿಲ್ಲ, ನಾನೇ ತಿಳಿದುಕೊಂಡೆ. ಇಷ್ಟೂ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಈ ಮನೆಯ ಮೂರು ತಲೆಮಾರಿಗೆ ಬೇಯಿಸಿ ಹಾಕಿದ್ದೇನೆ. ಅಂಥವಳಿಗೆ ಅಳತೆ ಗೊತ್ತಿಲ್ಲವಂತೆ.

ಆದದ್ದು ಹೀಗೆ. ನನ್ನ ಮೊಮ್ಮಗಳು ಚೊಚ್ಚಲ ಹೆರಿಗೆಗೆ ಉಪ್ಪಲ್‌ನ ನಮ್ಮ ಮನೆಗೆ ಬಂದಳು. ಅವಳ ಗಂಡನ ಮನೆ ಇದೇ ಊರಿನ ಇನ್ನೊಂದು ತುದಿಯ ಲಿಂಗಂಪಲ್ಲಿಯಲ್ಲಿ. ಮೈಸೂರಿನ ಕಡೆಯಿಂದ ಬಂದು ನೆಲೆಸಿದವರು. ಮಾತು ಬೆಣ್ಣೆ, ಬೆಣ್ಣೆಯೊಳಗೆ ಕೂದಲಿದ್ದರೆ ನಾಲಿಗೆಗೆ ಸಿಕ್ಕಾಗಲೇ ಗೊತ್ತಾಗುವುದು. ಹೆಣ್ಣು ಕೂಸು ಹುಟ್ಟಿತು, ತಾಯಿ ಮಗು ಚೆನ್ನಾಗಿ ಮನೆಗೆ ಬಂದರು. ಬಾಣಂತಿಗೆ ತವರಿನವರು ಅಂಟಿನುಂಡಿ ಕಟ್ಟಬೇಕು, ನಮ್ಮ ಕಡೆ ಅದಕ್ಕೆ ಎರಡು ಮಾತಿಲ್ಲ. ಸೊಂಟ ಗಟ್ಟಿಯಾಗಬೇಕು, ಎದೆಗೆ ಹಾಲು ಇಳಿಯಬೇಕು. ನಮ್ಮ ಹುಡುಗಿಗೆ ಅದು ಇನ್ನೂ ಹೆಚ್ಚು ಬೇಕಾಗಿತ್ತು, ಏಕೆಂದರೆ ಹೆತ್ತ ಮೇಲೆ ಅವಳಿಗೆ ಊಟವೇ ಸೇರದಂತಾಗಿತ್ತು. ಅನ್ನ ಕಲೆಸಿ ಕೊಟ್ಟರೆ ಎರಡು ತುತ್ತು ತಿಂದು ತಾಟು ಸರಿಸುತ್ತಿದ್ದಳು. ರೊಟ್ಟಿಯ ವಾಸನೆಗೆ ಮುಖ ತಿರುಗಿಸುತ್ತಿದ್ದಳು. ಹಾಲು ಸಾಲದೆ ಕೂಸಿಗೆ ಬಾಟಲಿ ಬೇರೆ ಹಿಡಿಯಬೇಕಾಗಿತ್ತು. ಅವಳು ಬಾಯಿಬಿಟ್ಟು ಕೇಳಿ ತಿನ್ನುತ್ತಿದ್ದದ್ದು ಒಂದೇ: ಬೆಳಿಗ್ಗೆ ಒಂದು, ಸಂಜೆ ಒಂದು ಅಂಟಿನುಂಡಿ.

ಅಂಟು ಎಂದರೆ ಮರದ ಅಂಟು. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಗೋಂದ್ ಎಂದು ಕೇಳಬೇಕು. ಕಲ್ಲುಸಕ್ಕರೆಯಂಥ ಹರಳುಗಳು. ಕಾದ ತುಪ್ಪದಲ್ಲಿ ಒಂದೊಂದು ಚಿಟಿಕೆ ಹಾಕಿ ಕರಿದರೆ ಜೋಳದ ಅರಳಿನ ಹಾಗೆ ಉಬ್ಬಿ ಬೆಳ್ಳಗಾಗುತ್ತದೆ. ಉಬ್ಬದೆ ಉಳಿದದ್ದನ್ನು ಆರಿಸಿ ಎಸೆಯಬೇಕು, ಇಲ್ಲದಿದ್ದರೆ ಹಲ್ಲಿಗೆ ಗಾಜು ಸಿಕ್ಕ ಹಾಗೆ ಸಿಗುತ್ತದೆ. ಉಬ್ಬಿದ್ದನ್ನು ಬಟ್ಟಲ ತಳದಿಂದ ಒತ್ತಿ ಪುಡಿ ಮಾಡಿ, ಆಮೇಲೆ ಅದೇ ಬಟ್ಟಲಿನಲ್ಲಿ ಅಳೆಯುತ್ತೇನೆ. ಒಂದು ಬಟ್ಟಲು ಅಂಟು, ಒಂದು ಬಟ್ಟಲು ಒಣಕೊಬ್ಬರಿ ತುರಿ, ಒಂದು ಬಟ್ಟಲು ಉತ್ತತ್ತಿಯ ಪುಡಿ, ಬಟ್ಟಲಿಗೆ ಕೊಂಚ ಕಡಿಮೆ ಬೆಲ್ಲ, ಮೇಲೆ ಗಸಗಸಿ, ಏಲಕ್ಕಿ. ನನ್ನ ಅವ್ವನೂ ಹುರಿದ ಮೇಲೆಯೇ ಅಳೆಯುತ್ತಿದ್ದಳು. ಹಸಿ ಅಂಟನ್ನು ಯಾರಾದರೂ ಅಳೆಯುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಎರಡನೆಯ ಸಲ ಉಂಡಿ ಕಟ್ಟುವ ದಿನ ಬೀಗತಿ ಕೂಸನ್ನು ನೋಡಲು ಬಂದರು. ಅವರ ಮಗಳು ಅಮೆರಿಕದಲ್ಲಿ ಬಸುರಿ. ಬಾಣಂತನ ಮಾಡಲು ತಾವೇ ಹೋಗುವವರಿದ್ದರು. ಅಡುಗೆಮನೆಯ ಬಾಗಿಲಲ್ಲಿ ಫೋನು ಹಿಡಿದು ನಿಂತು ಕೇಳಿದರು:

"ಅಮ್ಮ, ಇದರ ಅಳತೆ ಕೊಡ್ತೀರಾ? ನನ್ನ ಮಗಳಿಗೂ ಮಾಡಿ ಕೊಡ್ಬೇಕು. ಅಲ್ಲಿ ಎಲ್ಲ ಔನ್ಸು, ಪೌಂಡು. ಇಲ್ಲೇ ಸರಿಯಾಗಿ ಲೆಕ್ಕ ಹಾಕ್ಕೊಂಡು ಹೋಗ್ಬಿಡ್ತೀನಿ."

"ಎಲ್ಲಾ ಒಂದೊಂದು ಬಟ್ಟಲಾ ನೋಡ್ರಿ ಬೀಗತ್ಯಾರ. ಬೆಲ್ಲ ಮಾತ್ರ ಒಂಚೂರು ಕಡಿಮಿ."

"ಈ ಬಟ್ಟಲು ಎಷ್ಟು ಹಿಡಿಯತ್ತೆ?"

"ಒಂದು ಬಟ್ಟಲಾ ಹಿಡೀತೈತ್ರಿ."

ಅವರು ನಕ್ಕರು. ಎಂಥ ನಗೆ ಎಂದರೆ, ಅಂಗನವಾಡಿ ಮಕ್ಕಳ ಮುಂದೆ ನಗುವ ನಗೆ. ಕೂಸಿನ ಹಾಲಿನ ಬಾಟಲಿ ಕಟ್ಟೆಯ ಮೇಲಿತ್ತು. ಅದರ ಒಂದು ಮಗ್ಗುಲಿಗೆ ಮಿಲಿಯ ಗೆರೆ, ಇನ್ನೊಂದು ಮಗ್ಗುಲಿಗೆ ಔನ್ಸಿನ ಗೆರೆ. ನನ್ನ ಬಟ್ಟಲ ತುಂಬ ನೀರು ಹಿಡಿದು ಬಾಟಲಿಗೆ ಸುರಿದರು. ನೀರು ಸರಿಯಾಗಿ ಎಂಟನೆಯ ಗೆರೆಗೆ ನಿಂತಿತು.

"ಎಂಟು ಔನ್ಸ್! ನೋಡಿ, ಎಷ್ಟು ಸುಲಭ. ಅಂಟು ಎಂಟು ಔನ್ಸ್, ಕೊಬ್ಬರಿ ಎಂಟು ಔನ್ಸ್, ಉತ್ತುತ್ತೆ ಎಂಟು ಔನ್ಸ್," ಎಂದು ಹೇಳಿಕೊಳ್ಳುತ್ತ ಫೋನಿನಲ್ಲಿ ಒತ್ತತೊಡಗಿದರು.

"ನೀವು ಅಳದದ್ದು ನೀರು. ಅಂಟು ನೀರಿನಷ್ಟು ತೂಗಂಗಿಲ್ರಿ. ಒಂದು ಬಟ್ಟಲಾ ಹತ್ತಿ, ಒಂದು ಬಟ್ಟಲಾ ಉಪ್ಪು ಸರಿಸಮ ತೂಗತಾವೇನು?"

"ಅಯ್ಯೋ ಅಮ್ಮ, ನೀವು ನಿಮ್ಮ ಪಾಡಿಗೆ ಉಂಡೆ ಕಟ್ಟಿ. ಲೆಕ್ಕ ನನಗೆ ಬಿಡಿ."

ಸೊಸೆ ನನ್ನ ಹಿಂದಿನಿಂದ ಸೆರಗು ಜಗ್ಗಿದಳು. ಬೀಗರ ಜೊತೆ ವಾದ ಮಾಡಬಾರದಂತೆ. ಹೆಣ್ಣು ಕೊಟ್ಟವರು ಬಾಯಿ ಮುಚ್ಚಿಕೊಂಡಿರಬೇಕು ಎಂಬ ಕಾಯಿದೆಯನ್ನು ಯಾವ ಸರ್ಕಾರವೂ ಇನ್ನೂ ತೆಗೆದಿಲ್ಲ. ಸೇರು ತೆಗೆದರು, ಅದನ್ನು ಬಿಟ್ಟರು. ನಾನು ಬಾಯಿ ಮುಚ್ಚಿಕೊಂಡು ಉಂಡಿ ಕಟ್ಟಿದೆ.

ಸಂಜೆಗೆಲ್ಲ ಆ ಅಳತೆ ಅವರ ಮನೆಯ ವಾಟ್ಸಾಪ್ ಗ್ರೂಪಿಗೆ ಹೋಯಿತು. ಮೈಸೂರಿನ ನಾದಿನಿಯರು, ಬೆಂಗಳೂರಿನ ಓರಗಿತ್ತಿಯರು, ಅಮೆರಿಕದ ಮಗಳು, ಎಲ್ಲರೂ ಇರುವ ಗ್ರೂಪು. "ಉಪ್ಪಲ್ ಅಜ್ಜಿಯ ಅಂಟಿನುಂಡೆ" ಎಂದು ಮೇಲೆ ಬರೆದಿದ್ದಾರೆ ಎಂದು ಮೊಮ್ಮಗಳು ಖುಷಿಯಿಂದ ಹೇಳಿದಳು. ಒಳಗೆ ಏನು ಬರೆದಿದ್ದಾರೆ ಎಂದು ಅವಳೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ಕೂಸಿಗೆ ತೊಟ್ಟಿಲು ಹಾಕುವ ದಿನ ಬೀಗರೆಲ್ಲ ಬಂದರು. ಬೀಗತಿ ಬರುವಾಗ ದೊಡ್ಡ ಡಬ್ಬಿಯೊಂದನ್ನು ತಂದಿದ್ದರು. ಪರದೇಶಕ್ಕೆ ಹೋಗುವ ಮುಂಚೆ ಒಂದು ಸಲ ಮಾಡಿ ನೋಡಿದ್ದಂತೆ. ಊಟವಾದ ಮೇಲೆ ಎಲ್ಲರ ಕೈಗೂ ಒಂದೊಂದು ಉಂಡಿ ಕೊಟ್ಟರು. ನೋಡಿದರೆ ಸಾಕು, ನನಗೆ ತಿಳಿಯಿತು. ಉಂಡಿಯ ಮೈಯೆಲ್ಲ ಮಿಣಮಿಣ ಹೊಳೆಯುತ್ತಿತ್ತು. ಅವರ ಮೈದುನ, ದೊಡ್ಡ ಮನುಷ್ಯ, ಬಾಯಿತುಂಬ ಕಚ್ಚಿದ. ಕಟ್ ಎಂದು ಸದ್ದಾಯಿತು. ಅಂಗೈಯಲ್ಲಿ ಉಗುಳಿ ನೋಡಿಕೊಂಡರೆ ದವಡೆ ಹಲ್ಲಿಗೆ ಹಾಕಿಸಿದ್ದ ಟೊಪ್ಪಿಗೆ.

"ಅತ್ತಿಗೆ, ಇದು ಉಂಡೆನೋ ಗೋಲಿನೋ?" ಎಂದ.

ಆಗ ಬೀಗತಿ ನನ್ನ ಕಡೆ ನೋಡಿದರು. "ನಾನೇನೂ ಬದಲಾಯಿಸಿಲ್ಲಪ್ಪ. ಅಜ್ಜಿ ಹೇಳಿದ ಹಾಗೇ ತೂಗಿ ತೂಗಿ ಹಾಕಿದೀನಿ. ಹಳೇ ಕಾಲದವರು, ಅವರಿಗೆ ಅಳತೆಯೆಲ್ಲ ಗೊತ್ತಿರಲ್ಲ, ಪಾಪ."

ಗೊತ್ತಿರಲ್ಲ ಎಂದದ್ದನ್ನಾದರೂ ನುಂಗಬಹುದಿತ್ತು. ಆ ಪಾಪ ಇದೆಯಲ್ಲ, ಅದು ಅವರ ಉಂಡಿಗಿಂತ ಗಟ್ಟಿಯಾಗಿತ್ತು. ನಾನು ಏಳುವಷ್ಟರಲ್ಲಿ ಮಗ ಕಣ್ಣು ಸನ್ನೆ ಮಾಡಿದ, ಸೊಸೆ ಎಲೆಯಡಿಕೆಯ ತಾಟನ್ನು ನನಗೂ ಅವರಿಗೂ ನಡುವೆ ತಂದಿಟ್ಟಳು. ತೊಟ್ಟಿಲ ದಿನ ಎಂದು ಸುಮ್ಮನಾದೆ.

ಅದು ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ಹೊರಡುವಾಗ ಬೀಗತಿ ಬಾಣಂತಿಯ ಕೋಣೆಗೆ ಹೋಗಿ ಹೇಳಿದರು: "ನೋಡಮ್ಮ, ಇಷ್ಟೊಂದು ಅಂಟು ಹೊಟ್ಟೆಗೆ ಒಳ್ಳೇದಲ್ಲ. ಕರುಳಿಗೆ ಅಂಟ್ಕೊಂಡ್ರೆ ಏನು ಗತಿ? ಇನ್ಮೇಲೆ ಆ ಉಂಡೆ ತಿನ್ಬೇಡ." ಮರುದಿನ ಅವಳ ಗಂಡನೂ ಫೋನಿನಲ್ಲಿ ಅದನ್ನೇ ಹೇಳಿದ. ಸಂಜೆ ನಾನು ಉಂಡಿ ತೆಗೆದುಕೊಂಡು ಹೋದರೆ ಹುಡುಗಿ ಗೋಡೆಯ ಕಡೆ ಹೊರಳಿ ಮಲಗಿದಳು.

"ಬ್ಯಾಡ ಅಜ್ಜಿ."

"ಯಾಕ ಬ್ಯಾಡ? ನಿನ್ನೆ ತನಕ ಬೇಕಾಗಿತ್ತಲ್ಲ?"

"ಅತ್ತಿ ಬ್ಯಾಡ ಅಂದಾರ. ಛೋಡೋ ನಾ, ಬಿಟ್ಟುಬಿಡು."

ನನ್ನ ಉಂಡಿಯಲ್ಲ, ಅವರ ಉಂಡಿ ಕಲ್ಲಾದದ್ದು. ಆದರೆ ಬಿಟ್ಟದ್ದು ನನ್ನ ಉಂಡಿಯನ್ನು. ನಾನು ಕಟ್ಟಿದ ಡಬ್ಬಿ ಹಾಗೆಯೇ ಕಪಾಟಿನಲ್ಲಿ ಕುಳಿತಿತು. ಹುಡುಗಿ ಚಹಾದಲ್ಲಿ ಟೋಸ್ಟು ಅದ್ದಿಕೊಂಡು ದಿನ ದೂಡತೊಡಗಿದಳು. ಟೋಸ್ಟು! ಹೆತ್ತ ಹೆಂಗಸಿಗೆ ಒಣಗಿದ ಬ್ರೆಡ್ಡು. ಕೂಸು ಮೊಲೆಗೆ ಬಾಯಿ ಹಾಕಿ, ಸಿಗದೆ, ಕೆಂಪಗಾಗಿ ಚೀರುತ್ತಿತ್ತು. ಸೊಸೆಗೆ ಹೇಳಿದರೆ ಅವಳೂ ಜಾರಿಕೊಂಡಳು.

"ಅತ್ತಿ, ಸುಮ್ನ ಯಾಕ? ನಾಳೆ ಅಕಿಗೆ ಏನರ ಆದ್ರ ನಮ್ಮ ಮ್ಯಾಲ ಬರತೈತಿ."

"ಈಗ ಏನೂ ತಿನ್ನದ ಒಣಗಿ ಹೊಂಟಾಳಲ್ಲ, ಅದು ಯಾರ ಮ್ಯಾಲ ಬರತೈತಿ?"

ಅವಳು ಒಗೆಯುವ ಯಂತ್ರಕ್ಕೆ ಬಟ್ಟೆ ತುಂಬಲು ಹೋದಳು. ನಮ್ಮ ಮನೆಯಲ್ಲಿ ಉತ್ತರ ಇಲ್ಲದಾಗ ಎಲ್ಲರೂ ಬಟ್ಟೆ ತುಂಬಲು ಹೋಗುತ್ತಾರೆ.

ನಾನು ಮೊಮ್ಮಗಳ ಮಂಚದ ಮೇಲೆ ಹೋಗಿ ಕೂತೆ. "ನಿನ್ನ ಅತ್ತಿ ಬರದದ್ದು ತೆಗಿ. ಓದು. ಒಂದಕ್ಷರ ಬಿಡಬ್ಯಾಡ," ಎಂದೆ. ಓದಿದಳು. ಮೊದಲನೆಯ ಸಾಲೇ: ಅಂಟು, ಎಂಟು ಔನ್ಸ್, ತುಪ್ಪದಲ್ಲಿ ಹುರಿದುಕೊಳ್ಳಿ.

"ಎಂಟು ಔನ್ಸ್ ಅಂದ್ರ ಗ್ರಾಮಿನಾಗ ಎಷ್ಟು?"

ಫೋನನ್ನೇ ಕೇಳಿ ಹೇಳಿದಳು. "ತೂಕದಾಗ ಆದ್ರ ಇನ್ನೂರ ಇಪ್ಪತ್ತೇಳು."

"ಪಾವ್ ಕಿಲೋಕ್ಕ ಸ್ವಲ್ಪ ಕಡಿಮಿ! ಅಷ್ಟು ಹಸಿ ಅಂಟು? ನಾ ಹಾಕೋದು ಒಂದು ಹಿಡಿ. ಪಾವ್ ಕಿಲೋ ಅಂಟು ಒಮ್ಮಿಗೇ ಬಾಣಲ್ಯಾಗ ಸುರುವಿದ್ರ ಮ್ಯಾಲ ಉಬ್ಬತೈತಿ, ಒಳಗ ಹರಳು ಹರಳೇ ಉಳೀತೈತಿ. ಹಲ್ಲಿನ ಟೊಪ್ಪಿಗಿ ಬೀಳದ ಮತ್ತೇನ ಬೀಳತೈತಿ?"

ಹುಡುಗಿ ಎದ್ದು ಕೂತಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ನಿದ್ದೆಯಲ್ಲದೆ ಬೇರೆ ಏನೋ ಕಂಡಿತು. "ತಕ್ಕಡಿ ತಗೊಂಡು ಬಾ ಅಜ್ಜಿ, ತೂಗಿ ನೋಡಿಬಿಡೂಣು," ಎಂದಳು. ತಕ್ಕಡಿ ಎಂದರೆ ಸೊಸೆ ಕೇಕು ಮಾಡಲು ಆನ್‌ಲೈನಿನಲ್ಲಿ ತರಿಸಿದ ಚಪ್ಪಟೆ ಯಂತ್ರ. ಒಂದು ಹಿಡಿ ಹಸಿ ಅಂಟು ಇಟ್ಟರೆ ಅದು ಒಂದು ಚುಕ್ಕೆ ನಾಲ್ಕು ಎಂದಿತು. ಒಂದು ಗ್ರಾಮೇ? ಯಂತ್ರಕ್ಕೂ ಮರುಳು ಹಿಡಿಯಿತು ಎಂದು ಬೈದೆ. ಮೊಮ್ಮಗಳು ಅದನ್ನು ಎತ್ತಿ ಅದರ ತಳದಲ್ಲಿದ್ದ ಗುಂಡಿ ಒತ್ತಿ ಮತ್ತೆ ಇಟ್ಟಳು. ನಲವತ್ತು. ಬೀಗತಿ ಅಳತೆ ಬರೆದುಕೊಂಡ ದಿನ ಇದರಲ್ಲೂ ಔನ್ಸು ಬರುತ್ತದೆಯೇ ನೋಡಲು ಗುಂಡಿ ಒತ್ತಿ, ಔನ್ಸಿಗೆ ತಿರುಗಿಸಿ ಹಾಗೇ ಬಿಟ್ಟು ಹೋಗಿದ್ದರು. ನಮ್ಮ ತಕ್ಕಡಿಯನ್ನೂ ತಮ್ಮ ಕಡೆ ಮಾಡಿಕೊಂಡು ಹೋಗಿದ್ದರು, ನೋಡಿ!

ಆ ನಲವತ್ತು ಗ್ರಾಂ ಕರಿದು, ಪುಡಿ ಮಾಡಿ ಬಟ್ಟಲಿಗೆ ಹಾಕಿದೆ. ಬಟ್ಟಲು ತುಂಬಿತು. ನಾನು ಮೊಮ್ಮಗಳ ಮುಖ ನೋಡಿದೆ, ಹೆಂಗ ಎಂಬಂತೆ. ಅವಳು ಎಷ್ಟೆಂದರೂ ನನ್ನ ಮೊಮ್ಮಗಳು. "ಇನ್ನೊಂದು ಸರ್ತಿ ಮಾಡು, ಆ ಇನ್ನೊಂದು ಪ್ಯಾಕೆಟ್ಟಿನಾಗಿಂದ," ಎಂದಳು. ಮಾಡಿದೆ. ನಲವತ್ತು ಗ್ರಾಂ ಕರಿದರೆ ಬಟ್ಟಲು ಮುಕ್ಕಾಲಿಗೇ ನಿಂತಿತು. ಆ ಅಂಟು ಸರಿಯಾಗಿ ಉಬ್ಬುವ ಜಾತಿಯದಲ್ಲ. ತುಂಬಿಸಬೇಕಾದರೆ ಐವತ್ತರ ಮೇಲೆ ಬೇಕಾಯಿತು.

"ನಿನ್ನ ಬಟ್ಟಲಾನೂ ಒಂದು ಮಾತಿನ ಮ್ಯಾಲ ನಿಂದ್ರಂಗಿಲ್ಲ ಅಜ್ಜಿ," ಎಂದು ನಕ್ಕಳು.

"ನನ್ನ ಬಟ್ಟಲಾ ಸರೀನ ಐತಿ. ಕಿರಾಣಿಯವ ಹಾಳ ಅಂಟು ಕೊಟ್ಟಾನ. ಅದಕ್ಕ ಹುರದ ಮ್ಯಾಲ ಅಳೀಬೇಕು ಅನ್ನೋದು. ಮರ ಏನು ಗ್ರಾಂ ನೋಡಿ ಅಂಟು ಸುರಸತೈತಾ?"

ಅಷ್ಟಾದ ಮೇಲೆ ನಾನೇ ಬೀಗತಿಗೆ ಫೋನು ಹಚ್ಚಿಸಿದೆ. ಅವರು ಅಮೆರಿಕಕ್ಕೆ ಹೋಗುವ ಪೆಟ್ಟಿಗೆ ಕಟ್ಟುತ್ತಿದ್ದರು. ಕುಶಲ ಕೇಳುವುದು ಮುಗಿಯುವವರೆಗೂ ತಡೆದುಕೊಂಡೆ. ಆಮೇಲೆ ಹೇಳಿದೆ:

"ನೀವು ಅಳದದ್ದು ನನ್ನ ಬಟ್ಟಲಾಗಿನ ನೀರು, ತೂಗಿದ್ದು ಹಸಿ ಅಂಟು. ನಾ ಅಳಿಯೋದು ಹುರದು ಪುಡಿ ಮಾಡಿದ್ದು. ಎಂಟು ಔನ್ಸ್ ಅಲ್ಲ, ಒಂದೂವರಿ. ಉಳಿದದ್ದನ್ನೂ ತೂಗಬ್ಯಾಡ್ರಿ, ಬಟ್ಟಲಾಗ ಅಳೀರಿ. ಆ ಗ್ರೂಪಿನಾಗ ಸರಿ ಮಾಡಿ ಹಾಕ್ರಿ."

"ಹುರಿದ ಮೇಲೆ ಅಳೀತೀನಿ ಅಂತ ನೀವು ಹೇಳ್ಲೇ ಇಲ್ವಲ್ಲ ಅಮ್ಮ?"

"ಬಾಗಲದಾಗ ನಿಂತು ನೋಡಾಕತ್ತಿದ್ರಲ್ಲ ನೀವು?"

"ನಾನು ಫೋನಲ್ಲಿ ಟೈಪ್ ಮಾಡ್ತಿದ್ದೆ. ನಿಮ್ಮ ಅಡುಗೆಮನೆ ಕಾಣದವರಿಗೆ ನೋಡ್ಕೊಳ್ಳಿ ಅಂದ್ರೆ ಹೇಗೆ? ಹೇಳ್ಬೇಕು ತಾನೆ?"

ಆ ಮಾತಿನಲ್ಲಿ ನ್ಯಾಯ ಇತ್ತು. ಇದ್ದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. "ಆತು, ಈಗ ಹೇಳಿದೆ. ಈಗರ ಹಾಕ್ರಿ," ಎಂದೆ.

"ಗ್ರೂಪಲ್ಲೆಲ್ಲ ಯಾಕೆ ಬಿಡಿ. ಎಲ್ಲರೂ ನಗ್ತಾರೆ. ನಾನು ಮಾಡೋವಾಗ ಕಡಿಮೆ ಹಾಕ್ಕೋತೀನಿ."

ಎಲ್ಲರೂ ನಗುತ್ತಾರಂತೆ! ತೊಟ್ಟಿಲ ದಿನದಿಂದ ಯಾರನ್ನು ನೋಡಿ ನಗುತ್ತಿದ್ದರು? ಆ ಅಳತೆಯ ಮೇಲೆ ಇರುವುದು ಉಪ್ಪಲ್ ಅಜ್ಜಿ ಎಂದು, ಲಿಂಗಂಪಲ್ಲಿ ಬೀಗತಿ ಎಂದಲ್ಲ. ನಾನು ಮತ್ತೂ ಮಾತಾಡುವವಳಿದ್ದೆ, ಅವರಿಗೆ ಪೆಟ್ಟಿಗೆ ತೂಗುವುದಿತ್ತಂತೆ, ಫೋನು ಇಟ್ಟರು.

ನಾನು ಮೊಮ್ಮಗಳಿಗೆ ಹೇಳಿದೆ: "ಗ್ರೂಪಿನಾಗ ಮಾತಾಡೂ ಗುಂಡಿ ನೀ ಒತ್ತು. ಮಾತು ನಾ ಆಡತೀನಿ."

ಅವಳ ನಗೆ ನಿಂತಿತು. ಮಡಿಲಲ್ಲಿ ಕೂಸು ಮಲಗಿತ್ತು. ಅದರ ಟೊಪ್ಪಿಗೆ ಸರಿಮಾಡುತ್ತ, ನನ್ನ ಕಡೆ ನೋಡದೆ ಹೇಳಿದಳು: "ಅಜ್ಜಿ, ಅದು ನನ್ನ ಅತ್ತಿಮನಿ ಗ್ರೂಪು. ನೀ ಮಾತಾಡಿ ಬಿಡತಿ. ನಾಳೆ ಹೋಗಿ ಅಲ್ಲಿ ಬಾಳ್ವೆ ಮಾಡಾಕಿ ನಾನು."

ಅದು ಸುಳ್ಳಲ್ಲ. ನನಗೂ ಅತ್ತೆಮನೆ ಇತ್ತು. ಆದರೂ ನಾನು ಮೆತ್ತಗಾಗಲಿಲ್ಲ. ಡಬ್ಬಿ ತಂದು ಅವಳ ಮುಂದೆ ಇಟ್ಟು ಮುಚ್ಚಳ ತೆಗೆದೆ.

"ಆತು, ಒತ್ತಬ್ಯಾಡ. ನನ್ನ ಹೆಸರು ಹಾಳಾಗಿ ಹೋಗಲಿ, ಅದನ್ನ ತಗೊಂಡು ನಾ ಎಲ್ಲಿಗೆ ಹೋಗೋದೈತಿ? ಆದ್ರ ಇದನ್ನ ತಿನ್ನು. ನಿನ್ನ ಅತ್ತಿ ಲೆಕ್ಕ ತಪ್ಪಿದ್ದಕ್ಕ ಈ ಕೂಸು ಯಾಕ ಉಪಾಸ ಇರಬೇಕು?"

ಅವಳು ಡಬ್ಬಿ ನೋಡಿದಳು, ಕೂಸನ್ನು ನೋಡಿದಳು. ಒಂದು ಉಂಡಿ ತೆಗೆದು ಮೂಗಿಗೆ ಹಿಡಿದಳು. ಆಮೇಲೆ ಕಚ್ಚಿದಳು. ಸದ್ದೇನೂ ಆಗಲಿಲ್ಲ, ಆಗಬಾರದು. ಅರ್ಧ ತಿಂದವಳು ಎಡಗೈಯಲ್ಲಿ ಫೋನು ಎತ್ತಿಕೊಂಡು, ನಾನು ಬಾಯಿ ತೆಗೆಯದಂತೆ ಕಣ್ಣು ಬಿಟ್ಟು, ಗುಂಡಿ ಒತ್ತಿ ತಾನೇ ಮಾತಾಡಿದಳು. ಅತ್ತೆಮನೆಯ ಮಾತು, ಮೆತ್ತಗಿನ ಮಾತು:

"ಅತ್ತೆ, ಅಂಟಿನುಂಡೆ ಅಳತೇಲಿ ಒಂದು ತಪ್ಪಾಗಿದೆ. ಅಜ್ಜಿ ಅಂಟನ್ನ ಹುರಿದು ಪುಡಿ ಮಾಡಿದ ಮೇಲೆ ಅಳೆಯೋದು. ಹಸಿ ಅಂಟು ಒಂದೂವರೆ ಔನ್ಸ್ ಸಾಕು, ಸ್ವಲ್ಪ ಸ್ವಲ್ಪಾನೇ ಹುರೀಬೇಕು. ಉಳಿದದ್ದನ್ನ ತೂಗದೆ ಬಟ್ಟಲಲ್ಲೇ ಅಳೀಬೇಕು. ಎಂಟು ಅಂತ ನಾವು ತಪ್ಪು ಬರ್ಕೊಂಡಿದ್ವಿ. ನಾನು ಈಗ ಅದೇ ಉಂಡೆ ತಿಂತಾ ಇದೀನಿ."

ಕಳಿಸಿದಳು. ನಾನು ತಡೆದುಕೊಂಡಿದ್ದು ಅಷ್ಟೇ.

"ನಾವು ಅಂತ ಯಾಕ ಅಂದಿ? ಬರಕೊಂಡದ್ದು ಯಾರು? ಆ ನಾವು ಅನ್ನೋದ್ರಾಗ ನಾ ಎಲ್ಲಿದ್ದೆ?"

"ಬಾಯಾಗ ಉಂಡಿ ಐತಿ ಅಜ್ಜಿ. ಮಾತಾಡಿಸಬ್ಯಾಡ."

ಸ್ವಲ್ಪ ಹೊತ್ತಿಗೆ ಫೋನು ಟಿಣ್ ಎಂದಿತು. ಬೀಗತಿಯ ಜವಾಬು. ಏನು ಬರೆದಿದ್ದಾರೆ ಎಂದು ಕೇಳಿದೆ. ಏನೂ ಬರೆದಿರಲಿಲ್ಲ. ಒಂದು ಹೆಬ್ಬೆರಳಿನ ಚಿತ್ರ ಹಾಕಿದ್ದರು, ಅಷ್ಟೇ. ತಪ್ಪಾಯಿತು ಎಂಬ ಮಾತಿಲ್ಲ, ಅಜ್ಜಿ ಹೇಳಿದ್ದು ಸರಿ ಎಂಬ ಮಾತಿಲ್ಲ. ಮೂರನೆಯ ಇಯತ್ತೆ ಕಲಿತ ನಾನು ಬ್ಯಾಂಕಿನಲ್ಲಿ ಇವತ್ತಿಗೂ ಸಹಿ ಹಾಕುತ್ತೇನೆ. ಅಷ್ಟು ಓದಿದವರು ಹೆಬ್ಬೆಟ್ಟು ಒತ್ತಿದರು.

ಅದನ್ನು ಜೋರಾಗಿಯೇ ಹೇಳಿದೆ. ಹುಡುಗಿಗೆ ನಗೆ ಬಂದು, ಕೊಬ್ಬರಿ ನೆತ್ತಿಗೇರಿ ಕೆಮ್ಮಿದಳು. ಕೂಸು ಎಚ್ಚರಾಗಿ ಬಾಯಿ ತೆರೆಯಿತು. ಅದನ್ನು ಎದೆಗೆ ಹಾಕಿಕೊಂಡು, ಉಳಿದರ್ಧ ಉಂಡಿಗೆ ಕೈ ಚಾಚಿದಳು. ಕೊಟ್ಟೆ. ಅದು ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿದಳು.

"ಒಂದ ಸಾಕು, ಇನ್ನೊಂದು ಸಂಜಿಗೆ," ಎಂದು ಮುಚ್ಚಳ ಹಾಕಿದೆ. ತಕ್ಕಡಿಯನ್ನು ಎತ್ತಿ ಸೊಸೆಯ ಕೇಕಿನ ಸಾಮಾನಿನ ಹಿಂದೆ ಇಟ್ಟೆ, ಗುಂಡಿಯನ್ನು ಗ್ರಾಮಿನ ಮೇಲೇ ಬಿಟ್ಟು.